ಕಾರಿನ ಎಣ್ಣೆ ಬದಲಾವಣೆ ಮತ್ತು ನಮ್ಮ ಆರೋಗ್ಯ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಮ್ಮ ಹಿರಿಯರು ಹೊಲಗದ್ದೆಗಳ ಕೆಸರನ್ನು ಕಂಡು ಕಟ್ಟಿದರು. ಆ ಕೆಸರು ಒಂದು ಚೊಂಬು ನೀರಿಗೆ ತೊಳೆದುಹೋಗುವಂಥದು, ಮೈಗೆ ಅಪಾಯ ಮಾಡದಂಥದು. ಯಂತ್ರಯುಗದ ಕೆಸರು ಹಾಗಲ್ಲ. ಮೋಟಾರಿನ ಎಂಜಿನಿನಿಂದ ಇಳಿಸಿದ ಕಪ್ಪು ಎಣ್ಣೆ ಉಗುರಿನ ಸಂದಿಗೆ ಸೇರಿದರೆ ಮೂರು ದಿನ ಹೋಗದು. ವರ್ಷಗಟ್ಟಲೆ ಚರ್ಮಕ್ಕೆ ಸೋಂಕುತ್ತಿದ್ದರೆ ಅದರ ಪರಿಣಾಮ ಇನ್ನೂ ಘೋರವಾಗಬಹುದು. ಆರೋಗ್ಯ ಲೇಖನಗಳಿಗೆ ಮೀಸಲಾದ ಈ ಪುಟಗಳಲ್ಲಿ ಮೋಟಾರಿನ ವಿಷಯವೇಕೆ ಎಂದು ವಾಚಕರು ಹುಬ್ಬೇರಿಸುವ ಮೊದಲೇ ಇಷ್ಟನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಅಂಬರನಾಥಕ್ಕೆ ನಮ್ಮವರ ಮೊದಲ ತಲೆಮಾರು ಬಂದಾಗ ಕೈಯಲ್ಲಿ ಇದ್ದುದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಆರ್ಡನೆನ್ಸ್ ಫ್ಯಾಕ್ಟರಿ, ಬೆಂಕಿಪೆಟ್ಟಿಗೆಗೆ ಹೆಸರಾಗಿದ್ದ ವಿಮ್ಕೊ, ರಾಸಾಯನಿಕ ಕಾರ್ಖಾನೆಗಳು, ಹೋಟೆಲುಗಳು, ಕಚೇರಿಗಳು ಇವೇ ಅನ್ನಕ್ಕೆ ದಾರಿಯಾದವು. ಓಡಾಟಕ್ಕೆ ಲೋಕಲ್ ರೈಲು, ಊರೊಳಗೆ ಸೈಕಲ್ಲು. ಇಂದು ನಮ್ಮ ಕಟ್ಟಡಗಳ ಕೆಳಗೆ ಕಾರುಗಳು ಸಾಲುಗಟ್ಟಿ ನಿಂತಿವೆ. ಮೇ ತಿಂಗಳ ರಜೆಗೋ ದೀಪಾವಳಿಗೋ ಪನವೇಲಿನಿಂದ ಕೊಂಕಣದ ಹೆದ್ದಾರಿ ಹಿಡಿದು ಕುಂದಾಪುರ, ಉಡುಪಿ, ಮಂಗಳೂರಿನತ್ತ, ಅಥವಾ ಪುಣೆ, ಕೊಲ್ಹಾಪುರದ ಮಾರ್ಗವಾಗಿ ಬೆಳಗಾವಿ, ಹುಬ್ಬಳ್ಳಿಯತ್ತ ಸಂಸಾರಸಮೇತ ಹೊರಡುವ ಕುಟುಂಬಗಳು ನಮ್ಮಲ್ಲಿ ಅನೇಕ. ಹೊರಡುವ ಹಿಂದಿನ ವಾರ ಎಲ್ಲರ ಬಾಯಲ್ಲಿಯೂ ಒಂದೇ ಪ್ರಶ್ನೆ: "ಆಯಿಲ್ ಬದಲಾಯಿಸಿದಿರಾ?"

ಈ ಕೆಲಸವನ್ನು ಕಾರಿನ ಅಡಿಗೆ ನುಸುಳದೆ, ಕೈಗೆ ಮಸಿ ತಾಗಿಸಿಕೊಳ್ಳದೆ ಮನೆಯ ಬಳಿಯಲ್ಲಿಯೇ ಮಾಡಬಹುದಾದ ಒಂದು ಸಾಧನವಿದೆ. ಅದಕ್ಕೆ ನಿರ್ವಾತ ಹೀರುಕ, ಮಾರುಕಟ್ಟೆಯ ಮಾತಿನಲ್ಲಿ ವ್ಯಾಕ್ಯೂಮ್ ಎಕ್ಸ್‌ಟ್ರಾಕ್ಟರ್ ಎಂದು ಹೆಸರು. ನಾನು ಯಂತ್ರಶಾಸ್ತ್ರಜ್ಞನಲ್ಲ, ವೈದ್ಯನೂ ಅಲ್ಲ. ವಾಣಿಜ್ಯ ಓದಿ ಬ್ಯಾಂಕಿನ ಮೇಜಿನ ಹಿಂದೆ ಕುಳಿತವನು. ಆದರೆ ಲೆಕ್ಕ ತಾಳೆ ನೋಡುವ ಅಭ್ಯಾಸ ಎಲ್ಲ ಕೆಲಸಕ್ಕೂ ಒದಗುತ್ತದೆ. ನಮ್ಮ ಕಟ್ಟಡದಲ್ಲಿಯೇ ಇರುವ, ಕಾರ್ಖಾನೆಯಿಂದ ನಿವೃತ್ತರಾದ ಹಿರಿಯ ಫಿಟ್ಟರೊಬ್ಬರ ಮಾರ್ಗದರ್ಶನದಲ್ಲಿ ಕೆಲವು ವರ್ಷಗಳಿಂದ ಕಲಿತು ಮಾಡಿದ್ದನ್ನು, ಓದಿ ತಿಳಿದದ್ದನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಎಣ್ಣೆಗೂ ಸವಕಳಿಯುಂಟು

ಎಂಜಿನಿನ ಎಣ್ಣೆಗೆ ಒಂದಲ್ಲ, ನಾಲ್ಕೈದು ಕರ್ತವ್ಯಗಳು. ಉಜ್ಜಾಡುವ ಲೋಹಗಳ ನಡುವೆ ತೆಳುವಾದ ಪದರವಾಗಿ ನಿಂತು ಸವೆತವನ್ನು ತಡೆಯುವುದು ಮೊದಲನೆಯದು. ನೀರು ತಲುಪಲಾರದ ಭಾಗಗಳ ಶಾಖವನ್ನು ಹೊತ್ತು ತರುವುದು, ಉರಿಯುವಿಕೆಯಿಂದ ಹುಟ್ಟುವ ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದು, ಆಮ್ಲಗಳನ್ನು ತಟಸ್ಥಗೊಳಿಸುವುದು, ತುಕ್ಕು ಹಿಡಿಯದಂತೆ ಕಾಪಾಡುವುದು ಉಳಿದವು. ಇದಕ್ಕಾಗಿ ಮೂಲ ತೈಲಕ್ಕೆ ಹಲವು ರಾಸಾಯನಿಕ ಪೂರಕಗಳನ್ನು ಬೆರೆಸಿರುತ್ತಾರೆ. ಕಾಲಕ್ರಮದಲ್ಲಿ ಸವೆದು ಹೋಗುವುದು ಮುಖ್ಯವಾಗಿ ಈ ಪೂರಕಗಳೇ. ಮೂಲ ತೈಲ ಬಹುಮಟ್ಟಿಗೆ ಉಳಿದಿರುತ್ತದೆ. ಅದಕ್ಕೆಂದೇ ಹಳೆಯ ಎಣ್ಣೆಯನ್ನು ಮರುಶುದ್ಧಿ ಮಾಡಲು ಸಾಧ್ಯ.

ಎಣ್ಣೆ ಕಪ್ಪಾದೊಡನೆ ಕೆಟ್ಟಿತೆಂದು ತಿಳಿಯುವುದು ಸರಿಯಲ್ಲ. ಡೀಸೆಲ್ ಎಂಜಿನಿನಲ್ಲಿ ಹೊಸ ಎಣ್ಣೆಯೂ ಬಹುಬೇಗ ಕಪ್ಪಾಗುತ್ತದೆ; ಅದು ಮಸಿಯನ್ನು ಹಿಡಿದಿಟ್ಟುಕೊಳ್ಳುವ ತನ್ನ ಕೆಲಸವನ್ನು ಮಾಡುತ್ತಿದೆ ಎಂದೇ ಅದರರ್ಥ. ಬದಲಾವಣೆಯ ಕಾಲವನ್ನು ಕಾರಿನೊಡನೆ ಬಂದ ಕೈಪಿಡಿ ಹೇಳುತ್ತದೆ: ಇಷ್ಟು ಕಿಲೋಮೀಟರು ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ನಮ್ಮವರು ಕಿಲೋಮೀಟರನ್ನು ಮಾತ್ರ ನೋಡಿ ತಿಂಗಳನ್ನು ಮರೆಯುವುದುಂಟು. ವಾರವೆಲ್ಲ ಲೋಕಲ್ ರೈಲಿನಲ್ಲಿ ವಿ.ಟಿ.ಗೆ ಹೋಗಿಬಂದು, ಭಾನುವಾರ ಮಾತ್ರ ಕಾರನ್ನು ಮಾರುಕಟ್ಟೆಯವರೆಗೆ ಒಯ್ಯುವ ಗೃಹಸ್ಥರು ಇದನ್ನು ವಿಶೇಷವಾಗಿ ಗಮನಿಸಬೇಕು. ಎರಡು ಕಿಲೋಮೀಟರಿನ ಪ್ರಯಾಣದಲ್ಲಿ ಎಂಜಿನು ಪೂರ್ಣವಾಗಿ ಕಾಯುವುದಿಲ್ಲ. ಒಳಗೆ ಸೇರಿದ ತೇವವೂ ಉರಿಯದ ಪೆಟ್ರೋಲಿನ ಅಂಶವೂ ಆವಿಯಾಗಿ ಹೋಗದೆ ಎಣ್ಣೆಯಲ್ಲಿ ಉಳಿಯುತ್ತವೆ. ಕಲ್ಯಾಣ–ಬದಲಾಪುರ ರಸ್ತೆಯ ವಾಹನದಟ್ಟಣೆಯಲ್ಲಿ ಗಂಟೆಗಟ್ಟಲೆ ನಿಂತು ಸಾಗುವ ಕಾರಿನ ಮೈಲಿಮಾಪಕ ಕಡಿಮೆ ತೋರಿಸಿದರೂ ಅದರ ಎಂಜಿನು ದುಡಿದಿರುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ವ್ಯವಹಾರವಿಲ್ಲದ ಖಾತೆಗೂ ಬಡ್ಡಿಯ ಲೆಕ್ಕ ನಡೆಯುತ್ತಲೇ ಇರುತ್ತದೆ.

ಚರ್ಮದ ಮೇಲಿನ ಮಸಿ: ಒಂದು ಹಳೆಯ ಪಾಠ

ಕಸುಬಿನ ಮಸಿಗೂ ಕ್ಯಾನ್ಸರಿಗೂ ಸಂಬಂಧವುಂಟೆಂದು ವೈದ್ಯಲೋಕಕ್ಕೆ ತಿಳಿದು ಎರಡೂವರೆ ಶತಮಾನವಾಯಿತು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಮನೆಗಳ ಹೊಗೆಗೂಡು ಗುಡಿಸುವ ಬಡ ಕೆಲಸಗಾರರ ವೃಷಣಕೋಶದ ಚರ್ಮಕ್ಕೆ ಬರುವ ಕ್ಯಾನ್ಸರನ್ನು ಹೊಗೆಮಸಿಯೊಂದಿಗೆ ಹೊಂದಿಸಿ ತೋರಿಸಿದನು. ಮುಂದೆ ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ಹತ್ತಿ ಗಿರಣಿಗಳಲ್ಲಿ ಇದೇ ಕಥೆ ಎಣ್ಣೆಯ ರೂಪದಲ್ಲಿ ಮರುಕಳಿಸಿತು. ಮ್ಯೂಲ್ ಎಂಬ ನೂಲುವ ಯಂತ್ರದ ಕದಿರುಗಳಿಂದ ಸಿಡಿಯುವ ಖನಿಜ ತೈಲ ಕೆಲಸಗಾರರ ಬಟ್ಟೆಗಳನ್ನು ನೆನೆಸುತ್ತಿತ್ತು. ವರ್ಷಗಳ ತರುವಾಯ ಅನೇಕರಲ್ಲಿ ಅದೇ ಬಗೆಯ ಕ್ಯಾನ್ಸರ್ ಕಾಣಿಸಿಕೊಂಡಿತು. 1922ರಲ್ಲಿ ಮ್ಯಾಂಚೆಸ್ಟರಿನ ವೈದ್ಯರಾದ ಸೌದಮ್ ಮತ್ತು ವಿಲ್ಸನ್ ಈ ಸಂಗತಿಯನ್ನು ಪ್ರಕಟಿಸಿದರು. ಕದಿರುಗಳಿಗೆ ನಿರಪಾಯಕರವಾದ ಎಣ್ಣೆಯನ್ನೇ ಬಳಸಬೇಕೆಂಬ ಕಾಯಿದೆಯ ಕಟ್ಟಳೆ ಬಂದುದು 1953ರಲ್ಲಿ. ಕಾರಣ ಗೊತ್ತಾಗಿ ಮೂವತ್ತು ವರ್ಷಗಳ ಮೇಲೆ!

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಶುದ್ಧೀಕರಿಸದ ಅಥವಾ ಅಲ್ಪವಾಗಿ ಮಾತ್ರ ಶುದ್ಧೀಕರಿಸಿದ ಖನಿಜ ತೈಲಗಳನ್ನು ಮಾನವರಿಗೆ ಕ್ಯಾನ್ಸರ್‌ಕಾರಕವೆಂದು ಮೊದಲ ವರ್ಗದಲ್ಲಿ ಸೇರಿಸಿದೆ. ಇಂದು ಡಬ್ಬಿಯಲ್ಲಿ ಬರುವ ಹೊಸ ಎಂಜಿನ್ ಎಣ್ಣೆ ಚೆನ್ನಾಗಿ ಶುದ್ಧೀಕರಿಸಿದ್ದು. ಅದರ ಬಗ್ಗೆ ಅಷ್ಟು ಭಯ ಬೇಡ. ಆದರೆ ಅದೇ ಎಣ್ಣೆ ಸಾವಿರಾರು ಕಿಲೋಮೀಟರು ಓಡಿದ ಮೇಲೆ ಬೇರೆಯೇ ವಸ್ತುವಾಗುತ್ತದೆ. ಉರಿಯುವಿಕೆಯಿಂದ ಹುಟ್ಟುವ ಬೆಂಜೊಪೈರೀನ್ ಮೊದಲಾದ ಬಹುಚಕ್ರೀಯ ಸಂಯುಕ್ತಗಳು ಅದರಲ್ಲಿ ಕೂಡಿಕೊಳ್ಳುತ್ತವೆ. ಸವೆದ ಲೋಹದ ಕಣಗಳೂ ಸೇರುತ್ತವೆ. ಇಂತಹ ಹಳೆಯ ಎಣ್ಣೆಯನ್ನು ಇಲಿಗಳ ಚರ್ಮಕ್ಕೆ ಮತ್ತೆ ಮತ್ತೆ ಸವರಿದ ಪ್ರಯೋಗಗಳಲ್ಲಿ ಗಡ್ಡೆಗಳು ಬೆಳೆದಿವೆ.

ಇದನ್ನು ಓದಿ ಯಾರೂ ಗಾಬರಿಯಾಗಬೇಕಾಗಿಲ್ಲ. ವರ್ಷಕ್ಕೊಮ್ಮೆ ನಾಲ್ಕು ಹನಿ ಕೈಗೆ ತಾಗಿ, ಆ ಕೂಡಲೇ ಸಾಬೂನಿನಿಂದ ತೊಳೆದುಕೊಂಡವನಿಗೆ ಅಂಥ ಭಯವಿಲ್ಲ. ಅಪಾಯವಿರುವುದು ದಿನನಿತ್ಯವೂ ಬರಿಗೈಯಲ್ಲಿ ಅದನ್ನು ಮುಟ್ಟುವವರಿಗೆ, ಎಣ್ಣೆ ನೆನೆದ ಬಟ್ಟೆಯಲ್ಲಿಯೇ ದಿನ ಕಳೆಯುವವರಿಗೆ. ಗ್ಯಾರೇಜಿನಲ್ಲಿ ಹದಿನೆಂಟು ತುಂಬುವುದರೊಳಗೆ ಕೆಲಸಕ್ಕೆ ನಿಂತ ಹುಡುಗನ ಕೈಗಳನ್ನು ಒಮ್ಮೆ ನೋಡಿರಿ. ಚರ್ಮ ಒಣಗಿ ಬಿರಿದಿರುತ್ತದೆ. ಮುಂಗೈ, ತೊಡೆಗಳ ಮೇಲೆ ಕೂದಲ ಬುಡಗಳಲ್ಲಿ ಕರಿಮೊಡವೆಗಳೆದ್ದಿರುತ್ತವೆ. ಎಣ್ಣೆಯ ಚಿಂದಿಬಟ್ಟೆಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಳ್ಳುವ ಅಭ್ಯಾಸವಂತೂ ಲ್ಯಾಂಕಶೈರಿನ ಪಾಠವನ್ನೇ ಮರೆತಂತೆ. ನಿಮ್ಮ ಪರಿಚಯದ ಮೆಕ್ಯಾನಿಕ್ ಹುಡುಗನಿಗೆ ಈ ಮಾತನ್ನು ತಿಳಿಸಿ, ಒಂದು ಪೆಟ್ಟಿಗೆ ನೈಟ್ರೈಲ್ ಕೈಗವಸುಗಳನ್ನು ಕೊಡಿಸಿದರೆ ಅದು ದೀಪಾವಳಿಯ ಇನಾಮಿಗಿಂತ ದೊಡ್ಡ ಉಪಕಾರ.

ನಮ್ಮ ಊರುಗಳಲ್ಲಿ ಇನ್ನೊಂದು ರೂಢಿಯಿದೆ. ನಾಯಿಗೆ, ದನಕ್ಕೆ ಕಜ್ಜಿಯಾದರೆ ಗ್ಯಾರೇಜಿನ ಹಳೆಯ ಎಣ್ಣೆ ತಂದು ಹಚ್ಚುವುದು. ಗೆದ್ದಲು ಹಿಡಿಯದಿರಲೆಂದು ಬಾಗಿಲು, ತೊಲೆಗಳಿಗೆ ಅದನ್ನೇ ಸವರುವುದು. ಪ್ರಾಣಿ ತನ್ನ ಮೈಯನ್ನು ತಾನೇ ನೆಕ್ಕಿ ಆ ವಿಷವನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ಬಾಗಿಲಿಗೆ ಹಚ್ಚಿದ್ದು ಅಂಬೆಗಾಲಿಡುವ ಮಗುವಿನ ಕೈಗೆ, ಅಲ್ಲಿಂದ ಬಾಯಿಗೆ. ಈ ರೂಢಿಯನ್ನು ನಿಲ್ಲಿಸಲೇಬೇಕು.

ಹೀರುಕದ ತತ್ತ್ವ

ಸಾಮಾನ್ಯ ಪದ್ಧತಿಯಲ್ಲಿ ಕಾರನ್ನು ಜಾಕಿನಿಂದ ಎತ್ತಿ, ಅಡಿಗೆ ನುಸುಳಿ, ಎಣ್ಣೆಯ ತಳಪಾತ್ರೆಯಾದ ಸಂಪಿನ ತಿರುಪನ್ನು ಕಳಚಬೇಕು. ಬಿಸಿ ಎಣ್ಣೆ ಮೊಣಕೈವರೆಗೆ ಹರಿಯುವುದು ಅಪರೂಪವಲ್ಲ. ಅದಕ್ಕಿಂತ ಭಯಂಕರವಾದುದು ಜಾಕು ಜಾರುವುದು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ಯಾವ ಕಾರಣಕ್ಕೂ ತಲೆಯೊಡ್ಡಬಾರದೆಂಬುದು ಎಲ್ಲ ದೇಶಗಳ ಮೆಕ್ಯಾನಿಕರೂ ಹೇಳುವ ಮೊದಲ ನಿಯಮ. ನಲವತ್ತು ದಾಟಿ, ಬೆನ್ನುಹುರಿಯ ವೈದ್ಯರ ಪರಿಚಯವಾಗಿರುವ ನಮ್ಮಂಥವರಿಗೆ ಸಿಮೆಂಟಿನ ನೆಲದ ಮೇಲೆ ಅಂಗಾತ ಮಲಗುವುದೇ ಒಂದು ಶಿಕ್ಷೆ.

ಹೀರುಕವು ಎಣ್ಣೆಯನ್ನು ಕೆಳಗಿನಿಂದ ಇಳಿಸುವ ಬದಲು ಮೇಲಿನಿಂದ ತೆಗೆಯುತ್ತದೆ. ಎಣ್ಣೆಯ ಮಟ್ಟ ನೋಡಲು ಡಿಪ್‌ಸ್ಟಿಕ್ ಎಂಬ ಕಡ್ಡಿಯಿರುತ್ತದಲ್ಲವೆ? ಆ ಕಡ್ಡಿ ಇಳಿಯುವ ಕೊಳವೆಯ ಮೂಲಕ ಒಂದು ತೆಳ್ಳನೆಯ ನಳಿಗೆಯನ್ನು ಸಂಪಿನ ತಳದವರೆಗೆ ಇಳಿಸುವುದು. ನಳಿಗೆಯ ಇನ್ನೊಂದು ತುದಿ ಐದಾರು ಲೀಟರು ಹಿಡಿಯುವ ಬಿಗಿಯಾದ ಡಬ್ಬಿಗೆ ಸೇರಿರುತ್ತದೆ. ಡಬ್ಬಿಯ ಮೇಲಿನ ಕೈಪಂಪನ್ನು, ಸೈಕಲ್ಲಿಗೆ ಗಾಳಿ ಹೊಡೆಯುವಂತೆ, ಹತ್ತಿಪ್ಪತ್ತು ಸಲ ಎಳೆದರೆ ಒಳಗಿನ ಗಾಳಿ ಹೊರಹೋಗಿ ಒತ್ತಡ ಕಡಿಮೆಯಾಗುತ್ತದೆ. ಆಗ ಎಣ್ಣೆ ತಾನಾಗಿ ಡಬ್ಬಿಗೆ ಏರಿ ಬರುತ್ತದೆ.

ಹೀರುಕ ಎಣ್ಣೆಯನ್ನು ಎಳೆಯುತ್ತದೆ ಎಂದು ನಾವು ಆಡುಮಾತಿನಲ್ಲಿ ಹೇಳಿದರೂ, ವಾಸ್ತವದಲ್ಲಿ ಹೊರಗಿನ ವಾಯುಮಂಡಲವೇ ಅದನ್ನು ಮೇಲಕ್ಕೆ ತಳ್ಳುತ್ತದೆ. 1643ರಲ್ಲಿ ಇಟಲಿಯ ಟಾರಿಚೆಲ್ಲಿ ಪಾದರಸದ ಕೊಳವೆಯಿಂದ ಈ ಒತ್ತಡವನ್ನು ಅಳೆದು ತೋರಿಸಿದನು: ಸುಮಾರು 760 ಮಿಲಿಮೀಟರು ಪಾದರಸದ ಎತ್ತರ. ನೀರಿನ ಲೆಕ್ಕದಲ್ಲಿ ಇದು ಸುಮಾರು 10 ಮೀಟರಿಗೆ ಸಮ. ಎಣ್ಣೆ ನೀರಿಗಿಂತ ಹಗುರ. ನಾವು ಎತ್ತಬೇಕಾದುದೋ ಒಂದು ಮೀಟರಿನಷ್ಟು. ಆದುದರಿಂದ ಡಬ್ಬಿಯಲ್ಲಿ ಅರೆನಿರ್ವಾತವಾದರೂ ಸಾಕು. ಎಂಜಿನು ಹಡಗಿನ ಹೊಟ್ಟೆಯಲ್ಲಿ ಹುದುಗಿ ಅಡಿಯ ತಿರುಪು ಕೈಗೆಟುಕದ ಮೋಟಾರು ದೋಣಿಗಳಲ್ಲಿ ಈ ವಿಧಾನ ಬಹುಕಾಲದಿಂದ ರೂಢಿಯಲ್ಲಿದೆ.

ಮಾಡುವ ಕ್ರಮ

1. ಕಾರು ಸಮತಟ್ಟಾದ, ಗಾಳಿಯಾಡುವ ಜಾಗದಲ್ಲಿರಲಿ. ಸೊಸೈಟಿಯ ಅನುಮತಿಯನ್ನು ಮೊದಲೇ ಪಡೆಯಿರಿ. ಮಕ್ಕಳನ್ನು ದೂರವಿಡಿರಿ.

2. ಎಂಜಿನನ್ನು ಐದು ನಿಮಿಷ ಓಡಿಸಿ, ಆರಿಸಿ, ಹತ್ತು ನಿಮಿಷ ಬಿಡಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಸಲೀಸಾಗಿ ಹರಿಯುತ್ತದೆ. ತಣ್ಣನೆಯ ಎಣ್ಣೆ ನಳಿಗೆಯಲ್ಲಿ ತೆವಳುತ್ತದೆ. ದೂರ ಪ್ರಯಾಣದಿಂದ ಬಂದ ಕೂಡಲೇ ಮಾತ್ರ ಕೈ ಹಾಕಬೇಡಿ. ಆಗ ಎಣ್ಣೆ ನೀರಿನ ಕುದಿಬಿಂದುವಿನ ಆಸುಪಾಸಿನಲ್ಲಿರುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನು ಓಡಿಸುವುದು ಪ್ರಾಣಾಂತಿಕ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

3. ಕೈಗವಸು ತೊಟ್ಟು, ಬಾನೆಟ್ ತೆರೆದು, ಎಣ್ಣೆ ತುಂಬುವ ಮುಚ್ಚಳವನ್ನು ಸಡಿಲಿಸಿ. ಡಿಪ್‌ಸ್ಟಿಕ್ ಹೊರತೆಗೆದು ಒರೆಸಿಡಿ.

4. ನಳಿಗೆಯನ್ನು ಮೆಲ್ಲಗೆ ಇಳಿಸಿ. ತಳ ತಾಗಿದ ಅರಿವು ಬೆರಳಿಗೆ ಆಗುತ್ತದೆ. ಬಲವಂತ ಮಾಡಿದರೆ ನಳಿಗೆ ಒಳಗೆ ಸುರುಳಿಯಾಗಿ ಮೇಲ್ಮುಖವಾಗಬಹುದು. "ರಾಯರೇ, ಗಂಟಲಿಗೆ ಬೆರಳು ಹಾಕಿದ ಹಾಗೆ ಮಾಡಬೇಡಿ, ಮಗುವಿಗೆ ಔಷಧ ಕುಡಿಸಿದ ಹಾಗೆ ಮಾಡಿ" ಎಂದು ನಮ್ಮ ಫಿಟ್ಟರ್ ಹಿರಿಯರು ಹೇಳುವುದು ಇದಕ್ಕೇ.

5. ಪಂಪನ್ನು ಎಳೆದು ಕಾದಿರಿ. ಎಣ್ಣೆಯ ದಪ್ಪ, ನಳಿಗೆಯ ಅಗಲಗಳಿಗೆ ತಕ್ಕಂತೆ ಐದರಿಂದ ಹದಿನೈದು ನಿಮಿಷ ಹಿಡಿಯಬಹುದು. ಗೊರಗೊರ ಸದ್ದು ಬಂದಾಗ ನಳಿಗೆಯನ್ನು ಕೊಂಚ ಮೇಲೆತ್ತಿ, ತಿರುಗಿಸಿ, ಮತ್ತೆ ಇಳಿಸಿ. ಉಳಿದ ಎಣ್ಣೆಯೂ ಬರುತ್ತದೆ. ಯಾವ ಹಂತದಲ್ಲಿಯೂ ನಳಿಗೆಯನ್ನು ಬಾಯಿಂದ ಹೀರಬಾರದು. ಪೆಟ್ರೋಲು, ಸೀಮೆಎಣ್ಣೆ, ಎಣ್ಣೆ ಯಾವುದೇ ಇರಲಿ, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾದಂಥ ಗಂಭೀರ ಉರಿಯೂತವಾಗುತ್ತದೆ.

6. ಈಗ ತಾಳೆ ನೋಡುವ ಕೆಲಸ. ಡಬ್ಬಿಯ ಮೇಲಿನ ಗುರುತುಗಳಿಂದ ಎಷ್ಟು ಲೀಟರು ಬಂತೆಂದು ಬರೆದುಕೊಳ್ಳಿ. ಕೈಪಿಡಿ 3 ಲೀಟರು ಎಂದು ಹೇಳಿದ್ದು, 2.8 ಬಂದಿದ್ದರೆ ಸರಿ. 2 ಮಾತ್ರ ಬಂದಿದ್ದರೆ ನಳಿಗೆ ತಳ ಮುಟ್ಟಿಲ್ಲ, ಅಥವಾ ಎಂಜಿನು ಎಣ್ಣೆಯನ್ನು ಉರಿಸಿ ತಿನ್ನುತ್ತಿದೆ. ಮೊದಲೇ ಕಡ್ಡಿಯ ಮಟ್ಟ ನೋಡಿಟ್ಟಿದ್ದರೆ ಯಾವುದೆಂಬುದು ಗೊತ್ತಾಗುತ್ತದೆ.

7. ಫಿಲ್ಟರನ್ನು ಬದಲಾಯಿಸಿ. ಹಳೆಯ ರಬ್ಬರು ಬಳೆ ಎಂಜಿನಿಗೆ ಅಂಟಿ ಉಳಿದಿಲ್ಲವೆಂದು ನೋಡಿಕೊಳ್ಳಿ. ಒಂದರ ಮೇಲೊಂದು ಎರಡು ಬಳೆಗಳಾದರೆ ಎಣ್ಣೆ ದಾರಿಯಲ್ಲಿ ಸೋರಿಹೋಗುತ್ತದೆ. ಹೊಸ ಬಳೆಗೆ ಹೊಸ ಎಣ್ಣೆ ಸವರಿ, ಕೈಯಿಂದಲೇ ಬಿಗಿಮಾಡಿ.

8. ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನು ಅಳತೆಯಿಂದ ಕೊಂಚ ಕಡಿಮೆ ತುಂಬಿ, ಒಂದು ನಿಮಿಷ ಎಂಜಿನು ಓಡಿಸಿ, ನಿಲ್ಲಿಸಿ, ಐದು ನಿಮಿಷದ ಮೇಲೆ ಕಡ್ಡಿಯಲ್ಲಿ ನೋಡಿ ಉಳಿದದ್ದನ್ನು ಪೂರೈಸಿ. ಮಟ್ಟ ಮೇಲಿನ ಗುರುತನ್ನು ದಾಟಬಾರದು. ದಾಟಿದರೆ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುತ್ತವೆ. ನೊರೆಗೆ ಲೋಹವನ್ನು ಕಾಪಾಡುವ ಶಕ್ತಿಯಿಲ್ಲ. ಹೆಚ್ಚಾದುದನ್ನು ಅದೇ ಹೀರುಕದಿಂದ ತೆಗೆಯಬಹುದು.

9. ದಿನಾಂಕ, ಮೈಲಿಮಾಪಕದ ಅಂಕ, ಎಣ್ಣೆಯ ದರ್ಜೆ, ತೆಗೆದ ಮತ್ತು ತುಂಬಿದ ಪ್ರಮಾಣ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಕಾರು ಮಾರುವ ದಿನ ಆ ಪುಸ್ತಕಕ್ಕೆ ಬೆಲೆ ಬರುತ್ತದೆ.

ಎಣ್ಣೆ ಕೈಗೆ ತಾಗಿದರೆ ಸಾಬೂನು, ನೀರು ಸಾಕು. ಪೆಟ್ರೋಲಿನಿಂದ ಅಥವಾ ಸೀಮೆಎಣ್ಣೆಯಿಂದ ತೊಳೆಯುವುದು ಚರ್ಮದ ಸಹಜ ಜಿಡ್ಡನ್ನೂ ಕಿತ್ತು ಒಂದು ಕೇಡಿಗೆ ಇನ್ನೊಂದನ್ನು ಸೇರಿಸಿದಂತೆ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಶುದ್ಧ ನೀರು ಹಾಯಿಸಿ ವೈದ್ಯರನ್ನು ಕಾಣಿರಿ. ಬಿಸಿ ಎಣ್ಣೆಯಿಂದ ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು. ಟೂತ್‌ಪೇಸ್ಟ್, ಶಾಯಿ, ಬೆಣ್ಣೆಗಳ ಚಿಕಿತ್ಸೆ ಬೇಡ. ಮಗು ನುಂಗಿದರೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಗಳೊಡನೆ ಒಗೆಯಬೇಡಿ.

ಹೀರುಕ ಎಲ್ಲಿ ಸಲ್ಲದು

ಯಾವ ಸಾಧನವೂ ಸರ್ವರೋಗನಿವಾರಿಣಿಯಲ್ಲ. ಕೆಲವು ಕಾರುಗಳಲ್ಲಿ ಡಿಪ್‌ಸ್ಟಿಕ್ಕಿನ ಕೊಳವೆ ಸಂಪಿನ ಅತಿ ತಗ್ಗಾದ ಜಾಗಕ್ಕೆ ಹೋಗುವುದಿಲ್ಲ. ಕೆಲವು ಹೊಸ ಮಾದರಿಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಇನ್ನು ಕೆಲವುಗಳಲ್ಲಿ ಫಿಲ್ಟರು ಕೆಳಗಿನಿಂದ ಮಾತ್ರ ಕೈಗೆಟುಕುತ್ತದೆ. ಆಗ ಹೀರುಕದ ಅನುಕೂಲ ಅರ್ಧಕ್ಕಿಳಿಯುತ್ತದೆ. ಬಹುಕಾಲ ಎಣ್ಣೆ ಬದಲಾಯಿಸದೆ ತಳದಲ್ಲಿ ಗಸಿ ಗಟ್ಟಿಯಾಗಿದ್ದರೆ ತೆಳು ನಳಿಗೆಯಿಂದ ಅದು ಬಾರದು. ಕಾರಿನ ಅಡಿಯಿಂದ ತಿರುಪು ಕಳಚಿದಾಗ ಲೋಹದ ಚೂರುಗಳು ಕಂಡು ಎಂಜಿನಿನ ಒಳರೋಗ ಪತ್ತೆಯಾಗುವುದೂ ಉಂಟು. ಮೇಲಿನಿಂದ ಹೀರುವವನಿಗೆ ಆ ತಪಾಸಣೆ ತಪ್ಪುತ್ತದೆ. ಆದ್ದರಿಂದ ಮೂರು ನಾಲ್ಕು ಬದಲಾವಣೆಗಳಿಗೊಮ್ಮೆ ಕಾರನ್ನು ಎತ್ತುವ ವ್ಯವಸ್ಥೆಯುಳ್ಳ ಗ್ಯಾರೇಜಿನಲ್ಲಿ ಕೆಳಗಿನಿಂದ ಇಳಿಸುವುದು ವಿಹಿತ. ಕಾರು ವಾರಂಟಿಯಲ್ಲಿರುವಷ್ಟು ಕಾಲ ಕಂಪನಿಯ ಸೇವಾಕೇಂದ್ರಕ್ಕೇ ಹೋಗಿರಿ, ರಶೀದಿಗಳನ್ನು ಜೋಪಾನವಾಗಿಡಿ.

ನಮ್ಮ ಭಾಗದ ಮಳೆಗಾಲಕ್ಕೆ ಸಂಬಂಧಿಸಿದ ಒಂದು ಮಾತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದು, ಇತ್ತ ಉಲ್ಲಾಸ ನದಿಯೂ ಉಕ್ಕಿತ್ತು. 2019ರ ಜುಲೈಯಲ್ಲಿ ಬದಲಾಪುರ–ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ಸಿಲುಕಿದ್ದನ್ನು ಕೊಲ್ಹಾಪುರದ ದಾರಿಯ ನಮ್ಮವರು ಮರೆತಿರಲಾರರು. ನೆರೆಯಲ್ಲಿ ಮುಳುಗಿದ ಕಾರನ್ನು ಹೇಗಿದೆಯೋ ನೋಡೋಣವೆಂದು ಚಾಲೂ ಮಾಡಲೇಬಾರದು. ಡಿಪ್‌ಸ್ಟಿಕ್ ತೆಗೆದು ನೋಡಿ. ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ಒಳಗೆ ನೀರು ಸೇರಿದೆ. ಅಂಥ ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.

ಲೆಕ್ಕದ ಮಾತು

ಸ್ವತಃ ಮಾಡಿದರೆ ಹಣ ಉಳಿಯುತ್ತದೆಯೆ? ಒಂದು ಉದಾಹರಣೆ ನೋಡೋಣ. ಹೀರುಕಕ್ಕೆ 6,000 ರೂಪಾಯಿ ಕೊಟ್ಟೆವೆಂದೂ, ಪ್ರತಿ ಬದಲಾವಣೆಯಲ್ಲಿ ಕೂಲಿ ಇತ್ಯಾದಿಯಿಂದ 800 ರೂಪಾಯಿ ಉಳಿಯಿತೆಂದೂ ಇಟ್ಟುಕೊಳ್ಳಿ. ಬಂಡವಾಳ ಮರಳಲು ಏಳೂವರೆ ಬದಲಾವಣೆಗಳು ಬೇಕು. ವರ್ಷಕ್ಕೊಂದೇ ಬದಲಾವಣೆಯಾದರೆ ಏಳೂವರೆ ವರ್ಷ! ಅಷ್ಟರಲ್ಲಿ ಕೈಪಂಪಿನ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ. ಒಬ್ಬಂಟಿಗನಿಗೆ ಇದು ಲಾಭದ ಹೂಡಿಕೆಯಲ್ಲವೆಂದು ಯಾವ ಸಾಲ ಮಂಜೂರಾತಿ ಅಧಿಕಾರಿಯೂ ಹೇಳಿಯಾನು.

ಆದರೆ ಅದೇ ಹೀರುಕವನ್ನು ಕಟ್ಟಡದ ಐದು ಮನೆಯವರು ಕೂಡಿ ಕೊಂಡರೆ ಒಂದೂವರೆ ವರ್ಷದಲ್ಲಿ ಹಣ ಮರಳಿತು. ಸಹಕಾರದ ಈ ಪಾಠ ಕನ್ನಡಿಗರಿಗೆ ಹೊಸದಲ್ಲ. 1905ರಲ್ಲಿ, ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಒಬ್ಬನಿಗೆ ಭಾರವಾದುದು ಹತ್ತು ಜನಕ್ಕೆ ಹಗುರವೆಂಬ ಅದೇ ನ್ಯಾಯ ಒಂದು ಎಣ್ಣೆ ಡಬ್ಬಿಗೂ ಅನ್ವಯಿಸುತ್ತದೆ.

ಹಣಕ್ಕಿಂತ ಮಿಗಿಲಾದ ಲಾಭವೂ ಇದೆ. ಯಾವ ಎಣ್ಣೆ ಬಿತ್ತು, ಫಿಲ್ಟರು ನಿಜವಾಗಿಯೂ ಬದಲಾಯಿತೆ ಎಂಬ ಶಂಕೆ ಉಳಿಯುವುದಿಲ್ಲ. ಒಂದು ಸೇವಾಕೇಂದ್ರದವರು ಫಿಲ್ಟರಿಗೆ ಹಣ ಪಡೆದು, ಧೂಳು ಕೂತ ಹಳೆಯ ಫಿಲ್ಟರನ್ನೇ ಒರೆಸಿ ಬಿಟ್ಟದ್ದನ್ನು ನಾನೇ ಕಂಡಿದ್ದೇನೆ. ಹೆಸರು ಇಲ್ಲಿ ಬೇಡ. ಪ್ರಾಮಾಣಿಕ ಮೆಕ್ಯಾನಿಕರೂ ಬೇಕಾದಷ್ಟಿದ್ದಾರೆ. ಅವರ ಜೀವನೋಪಾಯಕ್ಕೆ ಕಲ್ಲು ಹಾಕುವುದು ಈ ಲೇಖನದ ಉದ್ದೇಶವಲ್ಲ.

ಹಳೆಯ ಎಣ್ಣೆ ಎಲ್ಲಿಗೆ?

ಈ ಪ್ರಶ್ನೆಗೆ ಉತ್ತರವಿಲ್ಲದವನು ಮನೆಯಲ್ಲಿ ಎಣ್ಣೆ ಬದಲಾಯಿಸಬಾರದೆಂದೇ ನನ್ನ ಅಭಿಪ್ರಾಯ. ಹೀರುಕದ ಡಬ್ಬಿ ತುಂಬಿದ ಮೇಲೆ ಮೂರು ನಾಲ್ಕು ಲೀಟರು ಕಪ್ಪು ದ್ರವ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಕಟ್ಟಡದ ಹಿಂದಿನ ಗಟಾರ ಹತ್ತು ಹೆಜ್ಜೆಯ ದೂರದಲ್ಲಿರುತ್ತದೆ. ಆ ಗಟಾರ ಹೋಗುವುದು ವಾಲಧುನಿ ನದಿಗೆ.

ವಾಲಧುನಿ ನಮಗೆ ಪರಕೀಯವಲ್ಲ. ಅದರ ದಡದಲ್ಲಿಯೇ ಶಕ ವರ್ಷ 982, ಅಂದರೆ ಕ್ರಿ.ಶ. 1060ರ ಶಾಸನವುಳ್ಳ, ನಮ್ಮ ಊರಿಗೆ ಹೆಸರು ಕೊಟ್ಟ ಶಿವಾಲಯ ನಿಂತಿದೆ. ಅದನ್ನು ಕಟ್ಟಿಸಿದ ಉತ್ತರ ಕೊಂಕಣದ ಶಿಲಾಹಾರರು ಮೊದಲಿಗೆ ಮಾನ್ಯಖೇಟದ ರಾಷ್ಟ್ರಕೂಟರ ಮಾಂಡಲಿಕರಾಗಿದ್ದವರು. ಆ ದೃಷ್ಟಿಯಿಂದ ಕನ್ನಡ ನಾಡಿನ ಇತಿಹಾಸದ ಒಂದು ಎಳೆ ಈ ತೀರಕ್ಕೂ ಬಂದಿದೆ. ಅಂಥ ನದಿ ಇಂದು ಕಾರ್ಖಾನೆಗಳ ತ್ಯಾಜ್ಯದಿಂದ, ಊರಿನ ಕೊಳಚೆಯಿಂದ ಬಣ್ಣಗೆಟ್ಟು ಹರಿಯುತ್ತಿದೆ. 2014ರ ನವೆಂಬರಿನಲ್ಲಿ ಇದರೊಳಕ್ಕೆ ಅಕ್ರಮವಾಗಿ ಸುರಿದ ರಾಸಾಯನಿಕದಿಂದ ವಿಷಾನಿಲವೆದ್ದು, ಉಲ್ಲಾಸನಗರದ ನೂರಾರು ಮಂದಿ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಬೇಕಾಯಿತು. ಕಾರ್ಖಾನೆಯವರನ್ನು ದೂರುವ ಹಕ್ಕು ನಮಗಿರಬೇಕಾದರೆ ನಮ್ಮ ಡಬ್ಬಿಯ ಎಣ್ಣೆ ಗಟಾರಕ್ಕೆ ಬೀಳಬಾರದು. ಒಂದು ಕಾರಿನ ಒಂದು ಬದಲಾವಣೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಎಂದರೆ ಸುಮಾರು 38 ಲಕ್ಷ ಲೀಟರು ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ.

ನಮ್ಮ ದೇಶದಲ್ಲಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನೂ ಒಳಗೊಳ್ಳುತ್ತವೆ. 2023ರ ತಿದ್ದುಪಡಿಯ ಪ್ರಕಾರ, 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಕರಿಗೂ ಆಮದುದಾರರಿಗೂ ಹಳೆಯ ಎಣ್ಣೆಯ ಮರುಬಳಕೆಯ ಹೊಣೆಗಾರಿಕೆ ಬಂದಿದೆ. ಗೃಹಸ್ಥನು ಮಾಡಬೇಕಾದುದು ಇಷ್ಟೇ: ಹಳೆಯ ಎಣ್ಣೆಯನ್ನು ನೀರು, ಪೆಟ್ರೋಲು, ಕೂಲಂಟ್ ಯಾವುದನ್ನೂ ಬೆರೆಸದೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು, ಅದನ್ನು ಸ್ವೀಕರಿಸಿ ಅಧಿಕೃತ ಮರುಶುದ್ಧಿ ಘಟಕಕ್ಕೆ ಕಳುಹಿಸುವ ಸೇವಾಕೇಂದ್ರಕ್ಕೆ ಒಪ್ಪಿಸುವುದು. ಸ್ವೀಕರಿಸುವರೇ ಎಂದು ಕೆಲಸ ಆರಂಭಿಸುವ ಮೊದಲೇ ಕೇಳಿ ತಿಳಿಯಿರಿ. ಬೀದಿಯ ಭಂಗಾರದವನಿಗೆ ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಭಟ್ಟಿಯಲ್ಲಿ ಉರಿದು ಹೊಗೆಯಾಗಬಹುದು, ಸೋಸಲ್ಪಟ್ಟು ನಕಲಿ ಎಣ್ಣೆಯಾಗಿ ಯಾರದೋ ಎಂಜಿನಿಗೆ ಬೀಳಲೂಬಹುದು. ಹೊಸ ಎಣ್ಣೆಯ ಖಾಲಿ ಡಬ್ಬಿಗಳನ್ನು ತೂತು ಮಾಡಿಯೇ ಎಸೆಯಬೇಕೆಂಬುದು ಇದಕ್ಕಾಗಿ.

ಡಬ್ಬಿಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. 1959ರಲ್ಲಿ ಮೊರಾಕ್ಕೊ ದೇಶದ ಮೆಕ್ನೆಸ್ ಪಟ್ಟಣದ ಸುತ್ತಮುತ್ತ, ವಿಮಾನದ ಎಂಜಿನಿಗೆ ಬಳಸುವ ಎಣ್ಣೆಯನ್ನು ಅಡುಗೆ ಎಣ್ಣೆಗೆ ಬೆರೆಸಿ ಮಾರಿದ ದ್ರೋಹಿಗಳಿಂದ ಸುಮಾರು ಹತ್ತು ಸಾವಿರ ಜನ ಕೈಕಾಲುಗಳ ಪಾರ್ಶ್ವವಾಯುವಿಗೆ ತುತ್ತಾದರು. ಅದು ದುರಾಸೆಯ ಕೃತ್ಯ. ನಮ್ಮ ಮನೆಗಳಲ್ಲಿ ಅಜಾಗ್ರತೆಯೇ ಸಾಕು. ಯಂತ್ರದ ಎಣ್ಣೆಯನ್ನು ನೀರಿನ ಬಾಟಲಿಯಲ್ಲಿ, ಎಣ್ಣೆಯ ಖಾಲಿ ಡಬ್ಬಿಯಲ್ಲಿ ಕುಡಿಯುವ ನೀರನ್ನು ಇಡುವ ಅಭ್ಯಾಸ ಎಂದಿಗೂ ಬೇಡ. ಡಬ್ಬಿಯ ಮೇಲೆ "ಹಳೆಯ ಎಣ್ಣೆ, ವಿಷ" ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಬರೆದಿಡಿ. ಮನೆಗೆಲಸಕ್ಕೆ ಬರುವ ಬಾಯಿಗೂ ಅದು ಓದಲು ಬರಬೇಕಲ್ಲವೆ?

ಕೊನೆಯ ಮಾತು

ಸ್ವಾವಲಂಬನೆ ಒಳ್ಳೆಯ ಗುಣ. ಆದರೆ ತನ್ನ ಕೆಲಸವನ್ನು ತಾನು ಮಾಡಿಕೊಂಡು ಅದರ ಕೊಳೆಯನ್ನು ನೆರೆಯವನ ಬಾವಿಗೆ ಸುರಿಯುವುದು ಸ್ವಾವಲಂಬನೆ ಎನಿಸದು. ಕೈಗವಸು ತೊಟ್ಟು, ಗಾಳಿಯಾಡುವ ಜಾಗದಲ್ಲಿ, ಅಳೆದು ತೆಗೆದು ಅಳೆದು ತುಂಬಿ, ಹಳೆಯದನ್ನು ಸರಿಯಾದ ಕೈಗೆ ಒಪ್ಪಿಸಿದಾಗಲೇ ಕೆಲಸ ಪೂರ್ಣವಾಯಿತೆಂದು ತಿಳಿಯಬೇಕು. ನಮ್ಮ ಸಂಘದ ಸದಸ್ಯರಲ್ಲಿ ಆಸಕ್ತರು ಕಟ್ಟಡಕ್ಕೊಂದು ಹೀರುಕವನ್ನು ಕೂಡಿ ಕೊಳ್ಳುವುದಾದರೆ, ಹಳೆಯ ಎಣ್ಣೆಯನ್ನೂ ಒಂದೆಡೆ ಸೇರಿಸಿ ಮೂರು ತಿಂಗಳಿಗೊಮ್ಮೆ ಸೇವಾಕೇಂದ್ರಕ್ಕೆ ಮುಟ್ಟಿಸುವ ಹೊಣೆಯನ್ನು ಸರದಿಯಂತೆ ಹೊರಬಹುದು. ಮುಂದಿನ ಮೇ ತಿಂಗಳಲ್ಲಿ ಊರಿಗೆ ಹೊರಡುವ ಮುನ್ನ ಒಂದು ಭಾನುವಾರವನ್ನು ಇದಕ್ಕೆಂದು ಗೊತ್ತುಪಡಿಸಿಕೊಳ್ಳಿರಿ. ಪ್ರಯಾಣ ಎಲ್ಲರಿಗೂ ಸುಖಕರವಾಗಲಿ.